ಹೇಫೆರನ ಮೊಮ್ಮಕ್ಕಳೂ ಮಡಕೆಯ ಚೂರುಗಳೂ

ಭೂಮಿಯ ವಯಸ್ಸಿನ ಬಗ್ಗೆ ಈ ಅಂಕಣದಲ್ಲಿ ಬರೆದ ಮೇಲೆ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಕಾರ್ಡು ಬರೆದು ಕೇಳಿದ್ದಾಳೆ: "ಹಿಂದೆ ಯೂರೋಪಿನವರು ಬೈಬಲಿನ ವಂಶಾವಳಿಗಳನ್ನು ಕೂಡಿಸಿ ಭೂಮಿಗೆ ಆರು ಸಾವಿರ ವರ್ಷ ಎಂದು ಲೆಕ್ಕ ಹಾಕಿದ್ದರಂತೆ. ಹೆಸರುಗಳನ್ನು ಕೂಡಿಸುವುದು ಹೇಗೆ ಸರ್?" ಪ್ರಶ್ನೆ ಚೆನ್ನಾಗಿದೆ. ಉತ್ತರಕ್ಕಾಗಿ ಆ ಪಟ್ಟಿಗಳನ್ನು ಮತ್ತೊಮ್ಮೆ ನಿಧಾನವಾಗಿ ಓದಿದೆ. ಓದಿದ ಮೇಲೆ ಲೆಕ್ಕಕ್ಕಿಂತ ಹೆಸರುಗಳೇ ನನ್ನನ್ನು ಹೆಚ್ಚು ಹಿಡಿದುಕೊಂಡವು. ಆದ್ದರಿಂದ ಈ ವಾರ ಮೊದಲು ಲೆಕ್ಕ, ಆಮೇಲೆ ಹೆಸರು.

ಬೈಬಲನ್ನು ಮೊದಲ ಪುಟದಿಂದ ಓದಲು ಹೊರಟವರು ಆದಿಕಾಂಡದ ಐದನೆಯ ಅಧ್ಯಾಯಕ್ಕೆ ಬಂದಾಗ ಸಾಮಾನ್ಯವಾಗಿ ಒಮ್ಮೆ ಆಕಳಿಸುತ್ತಾರೆ. ಇಂಥವನು ಇಷ್ಟು ವರ್ಷದವನಾಗಿದ್ದಾಗ ಇಂಥವನನ್ನು ಪಡೆದ, ಆಮೇಲೆ ಇಷ್ಟು ವರ್ಷ ಬದುಕಿದ, ಸತ್ತ. ಮುಂದಿನವನೂ ಹಾಗೆಯೇ, ಅವನ ಮುಂದಿನವನೂ ಹಾಗೆಯೇ. ಪೂರ್ವಕಾಲವೃತ್ತಾಂತದ ಮೊದಲ ಪುಸ್ತಕವಂತೂ ಒಂಬತ್ತು ಅಧ್ಯಾಯಗಳ ಉದ್ದಕ್ಕೆ ಹೆಚ್ಚುಕಡಿಮೆ ಬರೀ ಹೆಸರುಗಳ ಸಾಲು. ಭಕ್ತಿಯಿಂದ ಓದುವವರೂ ಇಲ್ಲಿ ನಾಲ್ಕು ಹಾಳೆ ಒಟ್ಟಿಗೆ ಮಗುಚುತ್ತಾರೆ. ಹೊಸ ಒಡಂಬಡಿಕೆ ಶುರುವಾಗುವುದೂ ಇಂಥದೇ ಪಟ್ಟಿಯಿಂದ. ಮತ್ತಾಯನ ಮೊದಲ ಅಧ್ಯಾಯದಲ್ಲಿ ಅಬ್ರಹಾಮನಿಂದ ಯೇಸುವಿನವರೆಗೆ ಹೆಸರುಗಳ ಸರಪಳಿಯೇ ಇದೆ.

ನಾನು ವಿಜ್ಞಾನದ ಮೇಷ್ಟರು. ಪಟ್ಟಿ, ಕೋಷ್ಟಕ ಎಂದರೆ ನನಗೆ ಬೇಸರವಿಲ್ಲ. ಕೋಷ್ಟಕ ಓದುವುದಕ್ಕೆ ಒಂದು ಉಪಾಯವಿದೆ, ಅದನ್ನು ನನ್ನ ವಿದ್ಯಾರ್ಥಿಗಳಿಗೂ ಹೇಳುತ್ತಿರುತ್ತೇನೆ. ಎಲ್ಲ ಸಾಲುಗಳೂ ಒಂದೇ ರೀತಿ ಇರುವಾಗ ಯಾವ ಸಾಲು ಬೇರೆಯಾಗಿದೆ ಎಂದು ನೋಡಬೇಕು. ಗಾಳಿಯಿಂದ ತೆಗೆದ ಸಾರಜನಕ, ರಾಸಾಯನಿಕಗಳಿಂದ ತಯಾರಿಸಿದ ಸಾರಜನಕಕ್ಕಿಂತ ಕೂದಲೆಳೆಯಷ್ಟು ಹೆಚ್ಚು ತೂಗುತ್ತಿದ್ದುದು ಲಾರ್ಡ್ ರೇಲಿಯ ಕಣ್ಣಿಗೆ ಬಿತ್ತು. ಆ ವ್ಯತ್ಯಾಸದ ಬೆನ್ನು ಹತ್ತಿದ್ದರಿಂದಲೇ 1894ರಲ್ಲಿ ಅವನಿಗೂ ರಾಮ್ಸೆಗೂ ಆರ್ಗಾನ್ ಸಿಕ್ಕಿತು. ಬೈಬಲಿನ ವಂಶಾವಳಿಗಳಲ್ಲೂ ಅಲ್ಲಲ್ಲಿ ಹೀಗೆ ಒಂದೊಂದು ಸಾಲು ಹೆಚ್ಚು ತೂಗುತ್ತದೆ. ತಂದೆ, ಮಗ, ಮೊಮ್ಮಗ ಎಂದು ಓಡುತ್ತಿರುವ ಪಟ್ಟಿ ತಟಕ್ಕನೆ ನಿಂತು, ಯಾರೂ ಕೇಳದ ಯಾವನೋ ಒಬ್ಬನ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತದೆ.

ಒಂದು ಸಣ್ಣ ಉದಾಹರಣೆ. ಆದಿಕಾಂಡದ 36ನೆಯ ಅಧ್ಯಾಯದಲ್ಲಿ ಎದೋಮ್ ಸೀಮೆಯ ಮನೆತನಗಳ ಪಟ್ಟಿಯಿದೆ. ಅದರಲ್ಲಿ ಅನಾಹ ಎಂಬವನ ಹೆಸರು ಬಂದ ಕೂಡಲೇ ಬರೆದವನು ನಿಂತು ನೆನಪಿಸುತ್ತಾನೆ: ಅಡವಿಯಲ್ಲಿ ತನ್ನ ತಂದೆಯ ಕತ್ತೆಗಳನ್ನು ಮೇಯಿಸುತ್ತಿದ್ದಾಗ ಅದನ್ನು ಕಂಡುಹಿಡಿದವನು ಇವನೇ. ಯಾವುದನ್ನು? ಮೂಲ ಹೀಬ್ರೂ ಪದ ಇಡೀ ಬೈಬಲಿನಲ್ಲಿ ಇದೊಂದೇ ಕಡೆ ಬರುತ್ತದೆ. ಹಳೆಯ ಲ್ಯಾಟಿನ್ ಅನುವಾದ ಅದನ್ನು ಬಿಸಿನೀರು ಎಂದಿತು. 1611ರ ಇಂಗ್ಲಿಷ್ ಅನುವಾದ ಹೇಸರಗತ್ತೆ ಎಂದಿತು. ನನ್ನ ಮತ ಬಿಸಿನೀರಿಗೆ. ಮೃತ ಸಮುದ್ರದ ದಂಡೆಗುಂಟ ಭೂಮಿಯ ಚಿಪ್ಪಿನಲ್ಲಿ ದೊಡ್ಡ ಬಿರುಕು ಹಾದುಹೋಗಿದೆ. ಅದರ ಪೂರ್ವಕ್ಕೆ, ಹಿಂದೆ ಎದೋಮ್ ಎನಿಸಿಕೊಂಡಿದ್ದ ಈಗಿನ ಜೋರ್ಡಾನ್ ದೇಶದ ತಫೀಲಾ ಪ್ರಾಂತದಲ್ಲಿ, ಅಫ್ರಾ ಎಂಬ ಬಿಸಿನೀರ ಬುಗ್ಗೆಗಳು ಇಂದಿಗೂ ಇವೆ. ಮೇವು ಹುಡುಕುತ್ತ ಹೋದ ಹುಡುಗನಿಗೆ ಅಂಥದೊಂದು ಬುಗ್ಗೆ ಕಂಡಿದ್ದರೆ ಊರವರು ಅದನ್ನು ತಲೆಮಾರುಗಟ್ಟಲೆ ಹೇಳಿಕೊಂಡಿದ್ದರಲ್ಲಿ ಆಶ್ಚರ್ಯವಿಲ್ಲ.

ಇರಲಿ, ಈಗ ಲೆಕ್ಕಕ್ಕೆ ಬರೋಣ. ಪೆನ್ಸಿಲು ತೆಗೆದುಕೊಳ್ಳಿ. ಆದಿಕಾಂಡದ ಐದನೆಯ ಅಧ್ಯಾಯದ ಪ್ರಕಾರ ಮೆತೂಷೆಲಹನಿಗೆ 187 ವರ್ಷವಾದಾಗ ಲೆಮೆಕ ಹುಟ್ಟಿದ. ಲೆಮೆಕನಿಗೆ 182 ಆದಾಗ ನೋಹ ಹುಟ್ಟಿದ. ನೋಹನಿಗೆ 600 ಆದಾಗ ಜಲಪ್ರಳಯ ಬಂತು. ಕೂಡಿಸಿದರೆ 969. ಮೆತೂಷೆಲಹ ಬದುಕಿದ್ದು ಸರಿಯಾಗಿ 969 ವರ್ಷ. ಎಂದರೆ ಅವನು ಸತ್ತದ್ದು ಪ್ರಳಯದ ವರ್ಷವೇ. ಪಟ್ಟಿ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಕೂಡಿಸಿದವರಿಗೆ ಮಾತ್ರ ಸಿಗುತ್ತದೆ. ಇದೇ ರೀತಿ ಆದಾಮನಿಂದ ಕೂಡಿಸುತ್ತ ಬಂದರೆ ಪ್ರಳಯಕ್ಕೆ 1656 ವರ್ಷ ಬರುತ್ತದೆ. ಐರ್ಲೆಂಡಿನ ಅರ್ಮಾಘ್‌ನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಈ ವಯಸ್ಸುಗಳನ್ನೂ ಮುಂದಿನ ಅರಸರ ಆಳ್ವಿಕೆಯ ವರ್ಷಗಳನ್ನೂ ಪರ್ಷಿಯಾ, ಗ್ರೀಸ್ ಚರಿತ್ರೆಯ ತಾರೀಖುಗಳನ್ನೂ ಜೋಡಿಸಿ, ಸೃಷ್ಟಿಯಾದದ್ದು ಕ್ರಿ.ಪೂ. 4004ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಎಂದು 1650ರಲ್ಲಿ ಪ್ರಕಟಿಸಿದ. ಇಂಗ್ಲಿಷ್ ಬೈಬಲಿನ ಅಂಚಿನಲ್ಲಿ ಆ ಇಸವಿಗಳು ಅಚ್ಚಾಗತೊಡಗಿದ ಮೇಲೆ ಜನ ಅದನ್ನೂ ಬೈಬಲಿನ ಮಾತೇ ಎಂದುಕೊಂಡರು.

ಅಷರನನ್ನು ನೋಡಿ ನಗುವುದು ಸುಲಭ, ಆದರೆ ನ್ಯಾಯವಲ್ಲ. ಅವನು ದೊಡ್ಡ ವಿದ್ವಾಂಸ, ತನ್ನ ಕೈಗೆ ಸಿಕ್ಕ ದಾಖಲೆಗಳನ್ನು ಪ್ರಾಮಾಣಿಕವಾಗಿ ಕೂಡಿಸಿದ. ದಾಖಲೆಗಳು ಇದ್ದದ್ದೇ ಬೇರೆ ಕೆಲಸಕ್ಕೆ. ಉಲ್ಕಾಶಿಲೆಗಳಲ್ಲಿನ ಸೀಸದ ಐಸೊಟೋಪುಗಳನ್ನು ಅಳೆದು ಕ್ಲೇರ್ ಪ್ಯಾಟರ್ಸನ್ 1956ರಲ್ಲಿ ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷ ಎಂದು ತೋರಿಸಿದ. ಇಂದು ಒಪ್ಪಿರುವ ಅಂಕಿ 454 ಕೋಟಿ. ಅದು ಬಂಡೆಯ ಗಡಿಯಾರ. ವಂಶಾವಳಿಯನ್ನು ಗಡಿಯಾರವೆಂದು ಹಿಡಿದರೆ ಅದರ ಮುಳ್ಳುಗಳೇ ಒಂದಕ್ಕೊಂದು ತಾಳೆಯಾಗುವುದಿಲ್ಲ. ಹೀಬ್ರೂ ಪ್ರತಿಯಲ್ಲಿ ಪ್ರಳಯದವರೆಗೆ 1656 ವರ್ಷ, ಸಮಾರ್ಯದವರ ಪ್ರತಿಯಲ್ಲಿ 1307, ಹಳೆಯ ಗ್ರೀಕ್ ಅನುವಾದದ ಕೆಲವು ಪ್ರತಿಗಳಲ್ಲಿ 2242. ಆ ಗ್ರೀಕ್ ಪ್ರತಿಗಳ ಲೆಕ್ಕದಲ್ಲಿ ಮೆತೂಷೆಲಹ ಪ್ರಳಯ ಮುಗಿದು 14 ವರ್ಷವಾದ ಮೇಲೂ ಬದುಕಿದ್ದ! ಹಡಗಿನಲ್ಲಿ ಇದ್ದವರು ಎಂಟೇ ಜನ, ಅವರಲ್ಲಿ ಇವನಿಲ್ಲ. ಹಾಗಾದರೆ ಎಲ್ಲಿ ನಿಂತಿದ್ದ? ಸಂತ ಅಗಸ್ಟೀನನಂಥವರೇ ಈ ತೊಡಕನ್ನು ಬಿಡಿಸಲು ಕುಳಿತಿದ್ದರು. ಮತ್ತಾಯನ ಪಟ್ಟಿಯಲ್ಲಿ ಇನ್ನೊಂದು ಬಗೆ: ಯೋರಾಮನಿಗೂ ಉಜ್ಜೀಯನಿಗೂ ನಡುವೆ ಅಹಜ್ಯ, ಯೋವಾಷ, ಅಮಚ್ಯ ಎಂಬ ಮೂವರು ಅರಸರೇ ಬಿಟ್ಟುಹೋಗಿದ್ದಾರೆ. ಹದಿನಾಲ್ಕು, ಹದಿನಾಲ್ಕು, ಹದಿನಾಲ್ಕು ತಲೆಮಾರು ಎಂಬ ಕಟ್ಟಿಗೆ ಹೊಂದಿಸಿದ ಪಟ್ಟಿ ಅದು. ಹೀಬ್ರೂ ಅಕ್ಷರಗಳಿಗೆ ಸಂಖ್ಯೆಯ ಬೆಲೆ ಇದೆ, 'ದಾವೀದ್' ಎಂದು ಬರೆಯುವ ಮೂರು ಅಕ್ಷರಗಳ ಬೆಲೆ 4, 6, 4, ಒಟ್ಟು 14. ಮತ್ತಾಯನ ಹದಿನಾಲ್ಕಕ್ಕೆ ಇದೇ ಕಾರಣ ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಇವರ ಭಾಷೆಯಲ್ಲಿ 'ಪಡೆದನು' ಎಂದರೆ ಮಗನನ್ನೇ ಪಡೆದನು ಎಂದು ಯಾವಾಗಲೂ ಅರ್ಥವಲ್ಲ, ಮರಿಮಗನೂ ಆಗಬಹುದು.

ಹಾಗಾದರೆ ಇಷ್ಟು ಹೆಸರುಗಳನ್ನು ಜೋಪಾನ ಮಾಡಿದ್ದು ಯಾಕೆ? ನಮ್ಮ ಊರುಗಳಲ್ಲಿ ವಂಶವೃಕ್ಷ ಬೇಕಾಗುವುದು ಯಾವಾಗ ಎಂದು ನಿಮ್ಮ ತಂದೆಯವರನ್ನು ಕೇಳಿ. ತಾತ ತೀರಿಕೊಂಡ ಮೇಲೆ ಜಮೀನಿನ ಪೌತಿ ಖಾತೆ ಮಾಡಿಸಲು. ಅಲ್ಲೂ ಬಹುಮಟ್ಟಿಗೆ ಹಾಗೆಯೇ. ಯಾರಿಗೆ ಎಲ್ಲಿ ಭೂಮಿ, ಯಾರಿಗೆ ದೇವಾಲಯದ ಸೇವೆ, ಯಾರು ಒಳಗಿನವರು, ಯಾರು ಹೊರಗಿನವರು ಎಂಬುದನ್ನು ಪಟ್ಟಿ ತೀರ್ಮಾನಿಸುತ್ತಿತ್ತು. ಪರ್ಷಿಯಾದ ಅರಸ ಕೋರೆಷ ಕ್ರಿ.ಪೂ. 538ರ ಸುಮಾರಿಗೆ ಅಪ್ಪಣೆ ಕೊಟ್ಟ ಮೇಲೆ ಬಾಬಿಲೋನಿನ ಸೆರೆಯಿಂದ ಯೆಹೂದ್ಯರು ಊರಿಗೆ ಮರಳಿದರು. ಅವರಲ್ಲಿ ಕೆಲವು ಯಾಜಕ ಮನೆತನದವರು ತಮ್ಮ ವಂಶಾವಳಿಯ ದಾಖಲೆಗಾಗಿ ಹುಡುಕಿದರೂ ಸಿಗಲಿಲ್ಲ ಎಂದು ಎಜ್ರನ ಪುಸ್ತಕದ ಎರಡನೆಯ ಅಧ್ಯಾಯ ಹೇಳುತ್ತದೆ. ಪರಿಣಾಮ? ಯಾಜಕತ್ವದಿಂದ ಹೊರಗೆ. ಅವರಲ್ಲೊಂದು ಮನೆತನದ ಮೂಲಪುರುಷ ಗಿಲ್ಯಾದಿನ ಬರ್ಜಿಲ್ಲೈ ಎಂಬವನ ವಂಶದ ಹೆಣ್ಣನ್ನು ಮದುವೆಯಾಗಿ ಮಾವನ ಮನೆಯ ಹೆಸರನ್ನೇ ಇಟ್ಟುಕೊಂಡಿದ್ದನಂತೆ. ಹೆಸರು ಬದಲಾಯಿಸಿದವನ ಮಕ್ಕಳಿಗೆ ಎಷ್ಟೋ ತಲೆಮಾರು ಕಳೆದ ಮೇಲೆ ಕಚೇರಿಯಲ್ಲಿ ಕಾಗದ ಸಿಗಲಿಲ್ಲ. ಇದರಲ್ಲಿ ನಮಗೆ ಅಪರಿಚಿತವಾದದ್ದು ಏನೂ ಇಲ್ಲ.

ಪಟ್ಟಿಯಲ್ಲಿ ಹೆಸರಿದ್ದರೆ ಭೂಮಿ, ಇಲ್ಲದಿದ್ದರೆ ಇಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಅರಣ್ಯಕಾಂಡದ 26ನೆಯ ಅಧ್ಯಾಯ ತೆರೆಯಿರಿ. ಐಗುಪ್ತದಿಂದ ಹೊರಟ ಇಸ್ರಾಯೇಲ್ಯರು ನಲವತ್ತು ವರ್ಷ ಅಲೆದು ಯೊರ್ದನ್ ನದಿಯ ಈಚೆ ದಡಕ್ಕೆ ಬಂದಿದ್ದಾರೆ. ನದಿ ದಾಟಿದರೆ ಕಾನಾನ್ ದೇಶ. ದಾಟುವುದಕ್ಕೆ ಮೊದಲು ಜನಗಣತಿ. ಎಣಿಸುವುದು ಇಪ್ಪತ್ತು ವರ್ಷ ದಾಟಿದ ಗಂಡಸರನ್ನು ಮಾತ್ರ, ಒಟ್ಟು 6,01,730. ಈ ಪಟ್ಟಿಯಲ್ಲಿರುವ ಹೆಸರುಗಳ ಪ್ರಕಾರವೇ ಭೂಮಿ ಹಂಚಬೇಕು ಎಂದು ಅಧ್ಯಾಯದ ಕೊನೆಯಲ್ಲಿ ಅಪ್ಪಣೆಯಿದೆ. ಇಂಥ ಗಂಡಸರ ಪಟ್ಟಿಯ ನಡುವೆ, ಮನಸ್ಸೆ ಕುಲದ ಸಾಲಿನಲ್ಲಿ ಒಂದು ವಾಕ್ಯ: ಹೇಫೆರನ ಮಗನಾದ ಚಲ್ಪಹಾದನಿಗೆ ಗಂಡುಮಕ್ಕಳಿರಲಿಲ್ಲ, ಹೆಣ್ಣುಮಕ್ಕಳು ಮಾತ್ರ ಇದ್ದರು. ಅವರ ಹೆಸರು ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ. (ಈ ನೋವಾಳನ್ನು ಹಡಗಿನ ನೋಹನೊಂದಿಗೆ ಗೊಂದಲ ಮಾಡಿಕೊಳ್ಳಬೇಡಿ. ಹೀಬ್ರೂವಿನಲ್ಲಿ ಎರಡರ ಕಾಗುಣಿತವೇ ಬೇರೆ.)

ಮರು ಅಧ್ಯಾಯದಲ್ಲಿ ಈ ಐವರು ಸುಮ್ಮನೆ ಕೂರುವುದಿಲ್ಲ. ದೇವದರ್ಶನದ ಗುಡಾರದ ಬಾಗಿಲಿಗೆ ಬಂದು ಮೋಶೆ, ಯಾಜಕ ಎಲ್ಲಾಜಾರ, ಕುಲಗಳ ಮುಖಂಡರು, ನೆರೆದ ಜನ, ಇವರೆಲ್ಲರ ಎದುರು ನಿಲ್ಲುತ್ತಾರೆ. ಅವರ ವಾದ ಚೊಕ್ಕವಾಗಿದೆ. ನಮ್ಮ ತಂದೆ ಅಡವಿಯಲ್ಲಿ ಸತ್ತ. ಮೋಶೆಯ ವಿರುದ್ಧ ದಂಗೆಯೆದ್ದ ಕೋರಹನ ಗುಂಪಿನಲ್ಲಿ ಅವನಿರಲಿಲ್ಲ. ಗಂಡುಮಗನಿಲ್ಲ ಎಂಬ ಒಂದೇ ಕಾರಣಕ್ಕೆ ಅವನ ಹೆಸರು ಮನೆತನದಿಂದ ಅಳಿಸಿಹೋಗಬೇಕೆ? ನಮ್ಮ ಚಿಕ್ಕಪ್ಪ ದೊಡ್ಡಪ್ಪಂದಿರ ಜೊತೆಗೆ ನಮಗೂ ಪಾಲು ಕೊಡಿ. ಗಮನಿಸಿ, ನಮಗೆ ಬೇಕು ಎಂದು ಅವರು ಶುರುಮಾಡಲಿಲ್ಲ, ತಂದೆಯ ಹೆಸರಿನಿಂದ ಶುರುಮಾಡಿದರು. ಆ ಸಭೆ ಯಾವ ಮಾತಿಗೆ ಕಿವಿಗೊಡುತ್ತದೆ ಎಂದು ಚೆನ್ನಾಗಿ ಬಲ್ಲವರು. ಮೋಶೆಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ವ್ಯಾಜ್ಯವನ್ನು ದೇವರ ಮುಂದೆ ಇಟ್ಟ. ಅವರು ಹೇಳುವುದು ಸರಿ ಎಂದು ತೀರ್ಪು ಬಂತು. ಅಷ್ಟಕ್ಕೇ ನಿಲ್ಲದೆ ಅದು ಎಲ್ಲರಿಗೂ ಕಾಯಿದೆಯಾಯಿತು: ಮಗನಿಲ್ಲದಿದ್ದರೆ ಮಗಳಿಗೆ, ಮಗಳೂ ಇಲ್ಲದಿದ್ದರೆ ಅಣ್ಣತಮ್ಮಂದಿರಿಗೆ, ಅವರೂ ಇಲ್ಲದಿದ್ದರೆ ತಂದೆಯ ಅಣ್ಣತಮ್ಮಂದಿರಿಗೆ, ಆಮೇಲೆ ಹತ್ತಿರದ ದಾಯಾದಿಗೆ.

ಇದನ್ನು ಸಮಾನ ಹಕ್ಕು ಎಂದು ಹೊಗಳಲು ನಾನು ಸಿದ್ಧನಿಲ್ಲ. ಅಣ್ಣನೋ ತಮ್ಮನೋ ಇದ್ದಿದ್ದರೆ ಆ ಐವರಿಗೆ ಪಾಲು ಬರುತ್ತಿರಲಿಲ್ಲ. ಅದೂ ಅಲ್ಲದೆ ಅರಣ್ಯಕಾಂಡದ ಕೊನೆಯ ಅಧ್ಯಾಯದಲ್ಲಿ ದಾಯಾದಿಗಳು ಎದ್ದು ನಿಲ್ಲುತ್ತಾರೆ. ಈ ಹುಡುಗಿಯರು ಬೇರೆ ಕುಲದವರನ್ನು ಮದುವೆಯಾದರೆ ನಮ್ಮ ಭೂಮಿ ಅವರ ಹಿಂದೆಯೇ ಹೋಗುತ್ತದಲ್ಲ ಎಂದು ಅವರ ತಕರಾರು. ತಂದೆಯ ಕುಲದೊಳಗೆ ಯಾರನ್ನು ಬೇಕಾದರೂ ಮದುವೆಯಾಗಲಿ, ಹೊರಗೆ ಬೇಡ ಎಂದು ತೀರ್ಮಾನವಾಯಿತು. ಐವರೂ ತಂದೆಯ ಅಣ್ಣತಮ್ಮಂದಿರ ಮಕ್ಕಳನ್ನು ಮದುವೆಯಾದರು. ಆದರೂ ಒಂದು ವಿಷಯ ನನ್ನ ಮನಸ್ಸಿಗೆ ಹತ್ತಿತು. ಐದು ಹೆಸರುಗಳೂ ಪೂರ್ತಿಯಾಗಿ ನಾಲ್ಕು ಕಡೆ ಬರುತ್ತವೆ: ಗಣತಿಯಲ್ಲಿ, ವ್ಯಾಜ್ಯದಲ್ಲಿ, ಮದುವೆಯಲ್ಲಿ, ಯೆಹೋಶುವನ ಪುಸ್ತಕದಲ್ಲಿ. ಎಷ್ಟೋ ಗಂಡಸರ ಹೆಸರು ಒಂದೇ ಸಲ ಬಂದು ಮಾಯವಾಗುವ ಪುಸ್ತಕದಲ್ಲಿ ಇದು ಸಣ್ಣ ಸಂಗತಿಯಲ್ಲ. ಮದುವೆಯ ಪಟ್ಟಿಯಲ್ಲಿ ಮಾತ್ರ ಕ್ರಮ ಬದಲಾಗಿದೆ: ಮಹ್ಲಾ, ತಿರ್ಚಾ, ಹೊಗ್ಲಾ, ಮಿಲ್ಕಾ, ನೋವಾ.

ನದಿ ದಾಟಿದ ಮೇಲೆ ಕೊಟ್ಟ ಮಾತು ತಾನಾಗಿ ಈಡೇರಲಿಲ್ಲ. ಮೋಶೆ ತೀರಿಕೊಂಡಿದ್ದ. ಐವರೂ ಮತ್ತೆ ಎಲ್ಲಾಜಾರನ ಮತ್ತು ಹೊಸ ನಾಯಕ ಯೆಹೋಶುವನ ಎದುರು ಬಂದು, ಹಿಂದಿನ ಆಜ್ಞೆಯನ್ನು ನೆನಪಿಸಿ ಪಾಲು ಪಡೆದರು. ಯೆಹೋಶುವನ ಪುಸ್ತಕದ 17ನೆಯ ಅಧ್ಯಾಯದಲ್ಲಿ ಇದರ ಲೆಕ್ಕವಿದೆ. ಅಬೀಯೆಜೆರ್, ಹೇಲೆಕ್, ಅಸ್ರೀಯೇಲ್, ಶೆಕೆಮ್, ಹೇಫೆರ್, ಶೆಮೀದ ಎಂಬ ಮನಸ್ಸೆ ಕುಲದ ಆರು ಮನೆತನಗಳು ಅಲ್ಲಿ ಬರುತ್ತವೆ. ಕುಲಕ್ಕೆ ನದಿಯ ಪಶ್ಚಿಮಕ್ಕೆ ಸಿಕ್ಕಿದ್ದು ಹತ್ತು ಪಾಲು. ಆರು ಮನೆತನಕ್ಕೆ ಹತ್ತು ಪಾಲು ಹೇಗೆ? ಹೇಫೆರನನ್ನು ಬಿಟ್ಟು ಐದು, ಹೇಫೆರನ ಜಾಗದಲ್ಲಿ ಅವನ ಐವರು ಮೊಮ್ಮಕ್ಕಳು. ಐದು ಕೂಡಿಸು ಐದು. ಲೆಕ್ಕ ಸರಿಹೋಯಿತು.

ಇಲ್ಲಿಯವರೆಗಿನದು ಗ್ರಂಥದ ಮಾತು. ಇನ್ನು ಮುಂದಿನದು ಮಣ್ಣಿನ ಮಾತು. ಕಾನಾನಿನಲ್ಲಿ ನೆಲೆಸಿ ಎಷ್ಟೋ ತಲೆಮಾರು ಕಳೆದ ಮೇಲೆ ಇಸ್ರಾಯೇಲರ ರಾಜ್ಯ ಎರಡಾಗಿ ಒಡೆಯಿತು. ಉತ್ತರದ ರಾಜ್ಯಕ್ಕೆ ಸಮಾರ್ಯ ರಾಜಧಾನಿ. ಅದು ಇದ್ದದ್ದು ಮನಸ್ಸೆ ಕುಲದ ಸೀಮೆಯಲ್ಲೇ. ಅಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ತಂಡ 1910ರಲ್ಲಿ ಅಗೆಯುತ್ತಿದ್ದಾಗ, ಅರಮನೆಯ ಬಳಿ ಮಡಕೆಯ ಚೂರುಗಳು ಸಿಕ್ಕವು. ತಂಡದ ಮುಖ್ಯಸ್ಥ ಜಾರ್ಜ್ ರೈಸ್ನರ್. ಚೂರುಗಳ ಮೇಲೆ ಶಾಯಿಯಲ್ಲಿ ಹಳೆಯ ಹೀಬ್ರೂ ಬರಹ. ಆಗ ಕಾಗದವಿರಲಿಲ್ಲ, ಪಪೈರಸ್ ದುಬಾರಿ. ಒಡೆದ ಮಡಕೆಯ ಚೂರೇ ಗುಮಾಸ್ತರ ಚೀಟಿ. ಓದಲು ಬಂದ ಚೂರುಗಳು 63. ಬರೆದದ್ದು ಕ್ರಿ.ಪೂ. ಎಂಟನೆಯ ಶತಮಾನದಲ್ಲಿ. ವಿಷಯ ಬಹಳ ಸಪ್ಪೆ: ಆಳ್ವಿಕೆಯ ಇಷ್ಟನೆಯ ವರ್ಷ, ಇಂಥ ಸೀಮೆಯಿಂದ, ಇಂಥವರಿಗೆ, ಒಂದು ಜಾಡಿ ಹಳೆಯ ದ್ರಾಕ್ಷಾರಸ, ಅಥವಾ ಒಂದು ಜಾಡಿ ಎಣ್ಣೆ.

ಆ ಸೀಮೆಗಳ ಹೆಸರು ನೋಡಿ. ಅಬೀಯೆಜೆರ್, ಹೇಲೆಕ್, ಅಸ್ರೀಯೇಲ್, ಶೆಕೆಮ್, ಶೆಮೀದ. ಆರರಲ್ಲಿ ಐದು ಸಿಕ್ಕವು. ಹೇಫೆರ್ ಇಲ್ಲ. ಅದರ ಬದಲು ಇನ್ನೆರಡು ಸೀಮೆಗಳಿವೆ: ನೋವಾ ಮತ್ತು ಹೊಗ್ಲಾ!

ಮೊದಲ ಸಲ ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ದ್ರಾಕ್ಷಾರಸದ ಲೆಕ್ಕ ಬರೆಯುತ್ತಿದ್ದ ಗುಮಾಸ್ತನಿಗೆ ಯಾವ ವಂಶಾವಳಿಯನ್ನೂ ಸಮರ್ಥಿಸಬೇಕಾಗಿರಲಿಲ್ಲ. ಜಾಡಿ ಬಂದದ್ದು ಎಲ್ಲಿಂದ ಎಂದು ಗುರುತು ಹಾಕಿದ, ಅಷ್ಟೆ. ಅವನ ಕಾಲಕ್ಕೆ ಅಕ್ಕತಂಗಿಯರಲ್ಲಿ ಇಬ್ಬರ ಹೆಸರು ನೆಲಕ್ಕೇ ಅಂಟಿಕೊಂಡಿತ್ತು. ಮೂರನೆಯವಳು ತಿರ್ಚಾ. ಸಮಾರ್ಯ ಪಟ್ಟಣ ಕಟ್ಟುವುದಕ್ಕೆ ಮೊದಲು ಉತ್ತರದ ರಾಜ್ಯಕ್ಕೆ ರಾಜಧಾನಿಯಾಗಿದ್ದ ಊರಿನ ಹೆಸರೂ ತಿರ್ಚಾ. ಇಂದಿನ ನಾಬ್ಲಸ್‌ನ ಈಶಾನ್ಯಕ್ಕಿರುವ ತೆಲ್ ಎಲ್ ಫರಾ ಎಂಬ ದಿಬ್ಬವೇ ಅದು ಎನ್ನುತ್ತಾರೆ ಪುರಾತತ್ವಜ್ಞರು. ಐವರಲ್ಲಿ ಮೂವರು ನಕಾಶೆಯಲ್ಲಿ ಸಿಕ್ಕಂತಾಯಿತು.

ವಿದ್ವಾಂಸರಲ್ಲಿ ಇದರ ಬಗ್ಗೆ ಎರಡು ಅಭಿಪ್ರಾಯವಿದೆ. ಹೆಣ್ಣುಮಕ್ಕಳು ಪಡೆದ ಭೂಮಿಗೆ ಅವರ ಹೆಸರು ಬಂತು ಎನ್ನುವವರು ಒಂದು ಕಡೆ. ಊರುಗಳ ಹೆಸರೇ ಮೊದಲು, ಅವನ್ನು ವಂಶಾವಳಿಯಲ್ಲಿ ಹೆಣ್ಣುಮಕ್ಕಳೆಂದು ಸೇರಿಸಿದರು ಎನ್ನುವವರು ಇನ್ನೊಂದು ಕಡೆ. ಹೀಬ್ರೂ ಭಾಷೆಯಲ್ಲಿ ದೊಡ್ಡ ಊರಿನ ಸುತ್ತಲಿನ ಸಣ್ಣ ಹಳ್ಳಿಗಳನ್ನು ಅದರ 'ಹೆಣ್ಣುಮಕ್ಕಳು' ಎಂದೇ ಕರೆಯುತ್ತಾರೆ, ಆದ್ದರಿಂದ ಎರಡನೆಯ ಮಾತನ್ನೂ ತಳ್ಳಿಹಾಕುವಂತಿಲ್ಲ. ಯಾವುದು ನಿಜವಾದರೂ ಒಂದಂತೂ ಖಚಿತ. ಈ ಪಟ್ಟಿ ಒಣ ಹೆಸರುಗಳ ಸಾಲಲ್ಲ, ಅದು ಭೂಮಿಯ ನಕಾಶೆ. ಬರೀ ನಕಾಶೆಯಾಗಿದ್ದರೆ ಎಲ್ಲ ಹಳ್ಳಿಗಳನ್ನೂ ಗಂಡುಮಕ್ಕಳೆಂದು ಬರೆದು ಮುಗಿಸಬಹುದಿತ್ತು. ಐವರನ್ನು ಗುಡಾರದ ಬಾಗಿಲಲ್ಲಿ ನಿಲ್ಲಿಸಿ, ಬಾಯಿಗೆ ಅಂಥ ವಾದ ಕೊಟ್ಟು, ಗೆಲ್ಲಿಸಿ, ಮತ್ತೆ ದಾಯಾದಿಗಳ ತಕರಾರನ್ನೂ ಸೇರಿಸಿದ್ದು ಯಾಕೆ? ಎಲ್ಲೋ ಒಂದು ಮನೆಯಲ್ಲಿ ಇಂಥ ವ್ಯಾಜ್ಯ ನಿಜವಾಗಿ ನಡೆದಿರಬೇಕು ಎಂದು ನನಗನ್ನಿಸುತ್ತದೆ. ದಾಯಾದಿಗಳ ಮಾತಂತೂ ಕಟ್ಟುಕಥೆಯಂತೆ ಕೇಳುವುದೇ ಇಲ್ಲ!

ಮಡಕೆಯ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಿಬಿಡುತ್ತೇನೆ. ದಕ್ಷಿಣದ ಯೂದ ಕುಲದ ವಂಶಾವಳಿ ಪೂರ್ವಕಾಲವೃತ್ತಾಂತದ ನಾಲ್ಕನೆಯ ಅಧ್ಯಾಯದಲ್ಲಿ ಮುಗಿಯುವ ಹೊತ್ತಿಗೆ, ನಾರುಬಟ್ಟೆ ನೇಯುವ ಮನೆತನಗಳೂ, ಅರಸನ ಕೆಲಸಕ್ಕಾಗಿ ನೆಟಾಯಿಮ್, ಗೆದೇರಾ ಎಂಬ ಕಡೆಗಳಲ್ಲಿ ನೆಲೆಸಿದ್ದ ಕುಂಬಾರರೂ ಬರುತ್ತಾರೆ. ಅರಸನಿಗೆ ಕುಂಬಾರರೇಕೆ ಎನ್ನುತ್ತೀರಾ? ಯೂದ ದೇಶದ ಹಾಳು ಊರುಗಳಲ್ಲಿ 'ಅರಸನದು' ಎಂದು ಮುದ್ರೆಯೊತ್ತಿದ ಜಾಡಿಯ ಹಿಡಿಗಳು ಸಾವಿರಕ್ಕೂ ಹೆಚ್ಚು ಸಿಕ್ಕಿವೆ. ಅವೂ ಕ್ರಿ.ಪೂ. ಎಂಟನೆಯ ಶತಮಾನದ ಕೊನೆಯವು. ಅರಸರ ಹೆಸರಿನ ಪಕ್ಕದಲ್ಲಿ ಕುಂಬಾರರಿಗೂ ಒಂದು ಸಾಲು ಸಿಕ್ಕ ಪಟ್ಟಿ ಇದು.

ಈಗ ನನ್ನ ಪಾಠಕ್ಕೆ ಬರುತ್ತೇನೆ. ಹತ್ತನೆಯ ತರಗತಿಗೆ ಅನುವಂಶೀಯತೆ ಹೇಳಿಕೊಡುವಾಗ ಪ್ರತಿ ವರ್ಷ ಒಂದು ಮನೆಗೆಲಸ ಕೊಡುತ್ತೇನೆ, ನಿಮ್ಮ ಮನೆಯ ವಂಶವೃಕ್ಷ ಬರೆದುಕೊಂಡು ಬನ್ನಿ ಎಂದು. ಅಪ್ಪ, ತಾತ, ಮುತ್ತಾತನ ಹೆಸರುಗಳನ್ನು ಬಹುಪಾಲು ಮಕ್ಕಳು ಬರೆದು ತರುತ್ತಾರೆ. ಅಜ್ಜಿಯ ತಾಯಿಯ ಹೆಸರು ತರುವವರು ಇಬ್ಬರೋ ಮೂವರೋ. ಕೆಲವರ ಹಾಳೆಯಲ್ಲಿ ಅಜ್ಜಿಯ ಹೆಸರಿನ ಜಾಗದಲ್ಲಿ 'ಅಜ್ಜಿ' ಎಂದೇ ಇರುತ್ತದೆ. ಅವರ ಹೆಸರೇನಪ್ಪ ಎಂದರೆ ಹುಡುಗ ತಲೆ ಕೆರೆದುಕೊಳ್ಳುತ್ತಾನೆ.

ತಂದೆಯಿಂದ ಮಗನಿಗೆ ಮಾತ್ರ ಇಳಿಯುವ ಪಟ್ಟಿ ಜೀವಶಾಸ್ತ್ರದ ದೃಷ್ಟಿಯಿಂದ ಏನನ್ನು ಹಿಂಬಾಲಿಸುತ್ತದೆ ಗೊತ್ತೆ? ವೈ ಕ್ರೋಮೊಸೋಮನ್ನು. ನಮ್ಮ ಜೀವಕೋಶದ 46 ಕ್ರೋಮೊಸೋಮುಗಳಲ್ಲಿ ಅದು ಒಂದೇ ಒಂದು, ಅದೂ ಗಂಡಸರಲ್ಲಿ ಮಾತ್ರ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ನಮಗೆ ಬರುವುದು ತಾಯಿಯಿಂದ. ಅದಕ್ಕೂ ಒಂದು ವಂಶಾವಳಿ ಇದೆ, ಯಾರೂ ಬರೆದಿಟ್ಟಿಲ್ಲ ಅಷ್ಟೆ. ಇನ್ನೊಂದು ಲೆಕ್ಕ ಮಾಡಿ. ಮತ್ತಾಯನ ಪಟ್ಟಿಯಲ್ಲಿ ಅಬ್ರಹಾಮನಿಂದ ದಾವೀದನವರೆಗೆ 14 ಹೆಸರು. ಎಂದರೆ ದಾವೀದನಿಂದ ಹಿಂದಕ್ಕೆ 13 ಮೆಟ್ಟಿಲು. ತಂದೆತಾಯಿ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು, ಅವರ ತಂದೆತಾಯಿಗಳು ಎಂಟು, ಹೀಗೆ ದುಪ್ಪಟ್ಟಾಗುತ್ತ ಹೋದರೆ ಹದಿಮೂರನೆಯ ಮೆಟ್ಟಿಲಲ್ಲಿ 8,192 ಸ್ಥಾನಗಳು. ಎಲ್ಲ ಮೆಟ್ಟಿಲುಗಳನ್ನೂ ಕೂಡಿಸಿದರೆ 16,382. ಅಷ್ಟೂ ಬೇರೆ ಬೇರೆ ಜನ ಎಂದಲ್ಲ, ಸಂಬಂಧದೊಳಗೆ ಮದುವೆಯಾದಾಗ ಒಬ್ಬರೇ ಎರಡು ಸ್ಥಾನದಲ್ಲಿ ಬರುತ್ತಾರೆ. ಸೋದರಮಾವನನ್ನು ಮದುವೆಯಾಗುವ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ 16,382 ಸ್ಥಾನಗಳಲ್ಲಿ ಮತ್ತಾಯ ಹೆಸರಿಸಿದ್ದು 13 ಗಂಡಸರು, 3 ಹೆಂಗಸರು.

ಮೂವರು ಯಾರೆಂದರೆ ತಾಮಾರ್, ರಾಹಾಬ್, ರೂತ್. ಮುಂದೆ ಊರೀಯನ ಹೆಂಡತಿ ಎಂದು ಹೆಸರು ಹೇಳದೆ ಸೂಚಿಸಿದ ಬತ್ಷೆಬೆ ಬರುತ್ತಾಳೆ, ಕೊನೆಗೆ ಮರಿಯ. ಸಾರಾ, ರೆಬೆಕ್ಕ, ಲೇಯ ಎಂಬ ದೊಡ್ಡ ಹೆಸರುಗಳನ್ನು ಬಿಟ್ಟು ಇವರನ್ನೇ ಆರಿಸಿದ್ದು ಕುತೂಹಲದ ವಿಷಯ. ರಾಹಾಬ್ ಯೆರಿಕೋ ಪಟ್ಟಣದ ವೇಶ್ಯೆ, ರೂತ್ ಹೊಟ್ಟೆಪಾಡಿಗೆ ಹೊಲದಲ್ಲಿ ತೆನೆ ಆಯುತ್ತಿದ್ದ ಮೋವಾಬ್ ದೇಶದ ವಿಧವೆ. ಇವರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ನಾನು ಮುಂದೆ ಹೋಗುತ್ತೇನೆ.

ಯಾರೂ ಹೆಚ್ಚಾಗಿ ಬರೆಯದವಳು ಶೇರಾ. ಪೂರ್ವಕಾಲವೃತ್ತಾಂತದ ಏಳನೆಯ ಅಧ್ಯಾಯದಲ್ಲಿ ಎಫ್ರಾಯೀಮ್ ಕುಲದ ಪಟ್ಟಿಯ ನಡುವೆ ಒಂದೇ ವಾಕ್ಯದಲ್ಲಿ ಬಂದುಹೋಗುತ್ತಾಳೆ. ಕೆಳಗಿನ ಬೇತ್ ಹೋರೋನ್, ಮೇಲಿನ ಬೇತ್ ಹೋರೋನ್, ಉಜ್ಜೇನ್ ಶೇರಾ ಎಂಬ ಮೂರು ಊರುಗಳನ್ನು ಕಟ್ಟಿಸಿದಳು ಎಂಬುದಷ್ಟೇ ಅವಳ ಕಥೆ. ಗಂಡನ ಹೆಸರಿಲ್ಲ, ಮಕ್ಕಳ ಹೆಸರಿಲ್ಲ. ಊರು ಕಟ್ಟಿದ ಹೆಂಗಸು ಎಂದು ಬೈಬಲು ಹೇಳುವುದು ಇವಳೊಬ್ಬಳನ್ನೇ. ಬೇತ್ ಹೋರೋನ್ ಸಾಮಾನ್ಯ ಜಾಗವಲ್ಲ. ಸಮುದ್ರದ ಕಡೆಯ ಬಯಲಿನಿಂದ ಯೆರೂಸಲೇಮಿನ ಬೆಟ್ಟಕ್ಕೆ ಏರುವ ಹಳೆಯ ದಾರಿಯಲ್ಲಿ, ಏರಿನ ಬುಡಕ್ಕೊಂದು ತಲೆಗೊಂದು ಊರು. ದಂಡುಗಳು ಏರಿದ್ದೂ ಓಡಿದ್ದೂ ಇದೇ ದಾರಿಯಲ್ಲಿ. ವೆಸ್ಟ್ ಬ್ಯಾಂಕಿನಲ್ಲಿ ಬೇತ್ ಊರ್ ಅಲ್ ತಹ್ತಾ, ಬೇತ್ ಊರ್ ಅಲ್ ಫೌಕಾ ಎಂಬ ಎರಡು ಅರಬ್ ಹಳ್ಳಿಗಳು ಇಂದಿಗೂ ಇವೆ. ಅರಬ್ಬಿ ಭಾಷೆಯಲ್ಲಿ ತಹ್ತಾ ಎಂದರೆ ಕೆಳಗಿನದು, ಫೌಕಾ ಎಂದರೆ ಮೇಲಿನದು.

ಕೊನೆಯದಾಗಿ ಯರ್ಹ. ಪೂರ್ವಕಾಲವೃತ್ತಾಂತದ ಎರಡನೆಯ ಅಧ್ಯಾಯ, ಯೂದ ಕುಲ. ಶೇಷಾನ್ ಎಂಬವನಿಗೆ ಗಂಡುಮಕ್ಕಳಿರಲಿಲ್ಲ, ಹೆಣ್ಣುಮಕ್ಕಳು ಮಾತ್ರ. ಚಲ್ಪಹಾದನದೇ ಸ್ಥಿತಿ. ಆದರೆ ಇವನು ಮಗಳಿಗೆ ದಾಯಾದಿಗಳಲ್ಲಿ ವರ ಹುಡುಕಲಿಲ್ಲ. ಮನೆಯಲ್ಲಿ ಯರ್ಹ ಎಂಬ ಆಳಿದ್ದ. ಆಳು ಮಾತ್ರವಲ್ಲ, ಐಗುಪ್ತದವನು. ಇಸ್ರಾಯೇಲ್ಯರ ನೆನಪಿನಲ್ಲಿ ಐಗುಪ್ತವೆಂದರೆ ತಮ್ಮನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದ ದೇಶ. ಶೇಷಾನ್ ಅವನಿಗೇ ಮಗಳನ್ನು ಕೊಟ್ಟ. ಅವಳ ಹೆಸರನ್ನು ಅಲ್ಲಿ ಬರೆದಿಲ್ಲ. ಅವಳಿಗೆ ಹುಟ್ಟಿದ ಮಗ ಅತ್ತೈ. ಪಟ್ಟಿ ಅತ್ತೈನಿಂದ ಹೊರಟು, ಯಾರ ವಿವರಣೆಯನ್ನೂ ಕೊಡದೆ, ಯಾರ ವಯಸ್ಸನ್ನೂ ಹೇಳದೆ, ಯೂದ ಕುಲದ ಬೇರೆ ಯಾವ ಮನೆತನವನ್ನು ಬರೆದರೋ ಹಾಗೆಯೇ ಒಬ್ಬೊಬ್ಬರನ್ನಾಗಿ ಬರೆಯುತ್ತ ಹದಿಮೂರು ತಲೆಮಾರು ನಡೆಯುತ್ತದೆ. ಹದಿಮೂರನೆಯವನ ಹೆಸರು ಎಲೀಷಾಮ. ಅವನಾದ ಮೇಲೆ ಪಟ್ಟಿ ಕಾಲೇಬನ ಮನೆತನಕ್ಕೆ ಹೊರಳುತ್ತದೆ.